ಸಾಧು ಕೂಸು

ಬಾಣಂತಿಯನ್ನು ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು.

“ಎಷ್ಟು ಸಾಧು ಕೂಸವ್ವ! ಮನೇಲಿ ಕೂಸೈತೆ ಅಂತಲೇ ಗೊತ್ತಾಗಲ್ಲ.”

ಎದುರು ಮನೆಯ ಸಲೀಮಾ ತನ್ನ ಸೊಂಟದ ಮೇಲೆ ಕೂತು ಕಿರುಚುತ್ತಿದ್ದ ಮಗನ ಬೆನ್ನಿಗೆ ಮೆಲ್ಲಗೆ ತಟ್ಟಿ, “ನೋಡಿ ಕಲ್ತ್ಕೊಳೋ, ನಿನ್ನಿಂದ ಬೀದಿಗೇ ನಿದ್ದೆ ಇಲ್ಲ” ಎಂದು ನಕ್ಕಳು.

ಅಜ್ಜಿ ಬಾಗಿಲ ಬಳಿ ಎಲೆಗೆ ಸುಣ್ಣ ಸವರುತ್ತಾ, “ದೃಷ್ಟಿ ಆದಾತು, ಬುಡ್ರವ್ವ” ಎಂದಳು. ಹಾಗೆಂದರೂ ಅವಳ ಮುಖ ಅರಳಿತ್ತು.

ಸಿದ್ದಲಕ್ಷ್ಮಮ್ಮ ನಗಲಿಲ್ಲ. ಮಡಿಲಲ್ಲಿದ್ದ ಗಂಡುಕೂಸು ನಾಲ್ಕು ಗುಟುಕು ಹಾಲು ಎಳೆದು ಮತ್ತೆ ನಿದ್ದೆಹೋಗಿತ್ತು. ಅಂಗಾಲು ತಿಕ್ಕಿದಳು. ಒದ್ದೆ ಬಟ್ಟೆಯಿಂದ ಕಿವಿಯ ಹಿಂದೆ ಒರೆಸಿದಳು. ಕೂಸು ಒಮ್ಮೆ ಗೊಗ್ಗರು ದನಿ ತೆಗೆದು ಸುಮ್ಮನಾಯಿತು. ಹುಟ್ಟಿದಾಗ ಮೈಗೆ ಬಂದಿದ್ದ ಅರಿಸಿನ ಬಣ್ಣ ಇನ್ನೂ ಇಳಿದಿರಲಿಲ್ಲ. ಸೆಗಣಿ ಸಾರಿಸಿದ ಬೆಚ್ಚಗಿನ ಕೋಣೆಯಲ್ಲಿ ಕೆಂಡದ ಪಕ್ಕದಲ್ಲೇ ಮಲಗಿಸಿದ್ದರೂ ಕಾಲು ತಣ್ಣಗಿದ್ದವು. ನಾಲಿಗೆಯ ತುದಿ ತುಟಿ ದಾಟಿ ಹೊರಗೆ ಇಣುಕುತ್ತಿತ್ತು.

ಈ ನಾಲಿಗೆಯನ್ನು ಅವಳು ಹಿಂದೆಯೂ ಕಂಡಿದ್ದಳು.

ಹಿರಿಯವಳು ಗಂಗರತ್ನ ಗೋಡೆಯ ಮೂಲೆಯಲ್ಲಿ ಕೂತು ಹುಣಿಸೆಬೀಜಗಳನ್ನು ಸಾಲಾಗಿ ಇಡುತ್ತಿದ್ದಳು. ಏಳು ವರ್ಷದ ಹುಡುಗಿ, ನೋಡಿದವರು ನಾಲ್ಕು ಎನ್ನುತ್ತಿದ್ದರು. ಅವಳಿಗೆ ಬರುತ್ತಿದ್ದದ್ದು ಕೆಲವೇ ಮಾತು: ಅವ್ವ, ಹಾಲು, ಬಾ, ಬ್ಯಾಡ. ಕುಣಿಗಲ್ಲಿನ ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು, ಇನ್ನೊಂದು ವರ್ಷ ಬಿಟ್ಟು ಕರ್ಕೊಂಡ್ಬನ್ನಿ ಎಂದಿದ್ದರು. ಮರುವರ್ಷವೂ ಅದನ್ನೇ ಹೇಳಿದರು.

ಗಂಗರತ್ನ ಹುಟ್ಟಿದ್ದು ಅವರೆಲ್ಲ ಕುಣಿಗಲ್ಲಿಗೆ ಬರುವ ಮೊದಲು, ಗುಬ್ಬಿ ಹತ್ತಿರದ ಕಡಬದಲ್ಲಿ, ಅಜ್ಜಿಯ ಮನೆಯಲ್ಲಿ. ಸಿದ್ದಲಕ್ಷ್ಮಮ್ಮನ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದವಳು ಈ ಅಜ್ಜಿಯೇ. ಸಾಕಿ, ತನ್ನ ಕಿರಿಮಗ ಪುಟ್ಟರಂಗಯ್ಯನಿಗೇ ತಂದುಕೊಂಡಳು. ಹೀಗೆ ಅಜ್ಜಿಯೇ ಅತ್ತೆ, ಸೋದರಮಾವನೇ ಗಂಡ. ಆಗಲೂ ಕೂಸು ಹೀಗೇ ಸುಮ್ಮನಿತ್ತು, ಬಂದವರೆಲ್ಲ ಹೀಗೇ ಹೊಗಳಿದ್ದರು. ಹೊಕ್ಕುಳು ಉಬ್ಬಿ ನಿಂಬೆಹಣ್ಣಿನಷ್ಟಾದಾಗ ಅಜ್ಜಿ ತಾಮ್ರದ ಕಾಸೊಂದನ್ನು ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಕಟ್ಟಿದಳು. ಮಾತು ಬರಲಿಲ್ಲವೆಂದು ಬಜೆ ತೇಯ್ದು ನಾಲಿಗೆಗೆ ತಿಕ್ಕಿದರು. ಕಾಲು ಬರಲಿಲ್ಲವೆಂದು ಗುಬ್ಬಿಗೆ ಕರೆದೊಯ್ದರು. ಅಲ್ಲಿನ ಡಾಕ್ಟರು ತಲೆ ಎತ್ತದೆ, “ಕೆಲವು ಮಕ್ಕಳು ತಡ” ಎಂದು ಟಾನಿಕ್ ಬರೆದುಕೊಟ್ಟರು. ಹೀಗೆ ಮೂರು ವರ್ಷ ಕಳೆಯಿತು.

ಕೊನೆಗೆ ಕೆಮ್ಮು ಹೆಚ್ಚಾಗಿದೆಯೆಂದು ತುಮಕೂರಿಗೆ ಹೋದದ್ದು. ಡಾಕ್ಟರ್ ಖುರ್ಷಿದಾ ಬೇಗಂ ಎದೆ ನೋಡುವ ಮೊದಲೇ ಮಗುವಿನ ನಾಲಿಗೆ ನೋಡಿದರು, ಒಣಗಿದ ಚರ್ಮ ಮುಟ್ಟಿದರು, ಹೊಕ್ಕುಳ ಬಟ್ಟೆ ಬಿಚ್ಚಿಸಿದರು. ರಕ್ತ ಬೆಂಗಳೂರಿಗೆ ಹೋಗಿ ಬಂತು.

“ಕತ್ತಲ್ಲಿ, ಇಲ್ಲಿ, ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತಮ್ಮ. ಮಗು ಬೆಳೆಯೋಕೆ, ಬುದ್ಧಿ ಬೆಳೆಯೋಕೆ ಅದರ ರಸ ಬೇಕು. ನಿನ್ನ ಮಗೂಗೆ ಹುಟ್ಟಿದಾಗಿಂದ ಅದು ಸಾಲ್ತಿಲ್ಲ. ಮಾತ್ರೆ ಕೊಡ್ತೀನಿ. ದಿನಾ ಬೆಳಿಗ್ಗೆ, ಖಾಲಿ ಹೊಟ್ಟೇಲಿ, ಜೀವ ಇರೋ ತನಕ.”

“ಸರಿಹೋಗ್ತಾಳಾ ಮೇಡಂ?”

“ಓಡಾಡ್ತಾಳೆ. ಬೆಳೀತಾಳೆ.” ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ಹುಟ್ಟಿದ ತಿಂಗಳೊಳಗೆ ಶುರು ಮಾಡಿದ್ರೆ ಎಲ್ಲ ಮಕ್ಕಳ ಹಾಗೇ ಆಗ್ತಿದ್ಲು. ಕಳೆದ ಬುದ್ಧೀನ ಮಾತ್ರೆ ವಾಪಸ್ ತರಲ್ಲಮ್ಮ.”

ಅವಳು ಏಳುವಾಗ ಅವರೇ ಮತ್ತೆ ಕೇಳಿದರು. “ಸಂಬಂಧದಲ್ಲೇ ಮದುವೆನಾ?”

“ಸೋದರಮಾವ.”

“ಹಾಗಾದ್ರೆ ಇನ್ನೊಂದು ಮಗು ಆದಾಗ ತಿಂಗಳೊಳಗೆ ಇಲ್ಲಿಗೆ ಕರ್ಕೊಂಡ್ಬಾ. ಅತ್ತರೂ ಬಾ. ಅಳದಿದ್ರೆ ಓಡಿ ಬಾ.”

ಮಾತ್ರೆ ಶುರುವಾದ ಮೇಲೆ ಗಂಗರತ್ನ ಎದ್ದು ನಿಂತಳು, ನಡೆದಳು. ಹಲ್ಲು ಬಂದವು, ಕೂದಲು ಮೃದುವಾಯಿತು. ಅದರ ಜೊತೆಗೆ ಅಳುವೂ ಬಂತು, ಹಟವೂ ಬಂತು, ಬೇಡವಾದದ್ದನ್ನು ಎಸೆಯತೊಡಗಿದಳು. ಸಿದ್ದಲಕ್ಷ್ಮಮ್ಮ ಒಲೆಯ ಮುಂದೆ ಕೂತು ಆ ಅಳುವನ್ನು ಹಬ್ಬದ ವಾಲಗದಂತೆ ಕೇಳಿದ್ದಳು. ಅಜ್ಜಿ ಮಾತ್ರ ಹಣೆ ಚಚ್ಚಿಕೊಂಡಳು. ‘ಸಾಧುವಾಗಿದ್ದ ಕೂಸಿಗೆ ಉಷ್ಣದ ಮಾತ್ರೆ ತಿನ್ನಿಸಿ ರಚ್ಚೆ ಹಿಡಿಸಿದ್ಲು. ಆ ಮಾತ್ರೆನೇ ಅದರ ತಲೆ ಕೆಡಿಸ್ತು.’ ಬೀದಿಯಲ್ಲಿ ಈ ಮಾತೇ ನಿಂತಿತು.

ಈಗ ಇವನು. ತಿಂಗಳು ತುಂಬಲು ಕೆಲವೇ ದಿನ ಬಾಕಿ.

“ಅಜ್ಜಿ, ನಾಳೆ ಕೂಸನ್ನ ತುಮಕೂರಿಗೆ ಕರ್ಕೊಂಡು ಹೋಗ್ತೀನಿ.”

ಅಜ್ಜಿ ಎಲೆ ಮಡಿಸುವುದನ್ನು ನಿಲ್ಲಿಸಿದಳು. “ಏನ್ಲೇ, ಹಸೀ ಬಾಣಂತಿ ಹೊಸಲು ದಾಟಾದುಂಟಾ? ಗಾಳಿ ಹೊಕ್ಕಂದ್ರೆ ನೀನೂ ಇಲ್ಲ, ಕೂಸೂ ಇಲ್ಲ.”

“ನಾನು ಸತ್ರೂ ಚಿಂತಿಲ್ಲ.”

“ಬಾಯಿ ಮುಚ್ಚು! ನಿನ್ನವ್ವನ್ನ ಮಣ್ಣು ಮಾಡಿ ನಿನ್ನ ಎತ್ತಾಡ್ಸಿದ್ದು ಈ ಮಾತು ಕೇಳಾಕಾ?” ಅಜ್ಜಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. “ಒಂದಕ್ಕೆ ಮಾತ್ರೆ ತಿನ್ಸಿ ಕೆಡಿಸಿದ್ದಾಯ್ತು. ಇವ್ನು ಗಂಡು ಕೂಸು. ಇವ್ನ ಸುದ್ದಿಗೆ ಬರಬ್ಯಾಡ.”

ಸಂಜೆ ಪುಟ್ಟರಂಗಯ್ಯ ಕೆಲಸದಿಂದ ಬಂದ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಲಾಯ ನೋಡಿಕೊಳ್ಳುವ ಕೆಲಸ ಅವನದು. ಅಂದು ಅವನ ಮುಖ ಸೋತಿತ್ತು. ಕಾಲು ತೊಳೆಯುತ್ತಲೇ ಶುರುಮಾಡಿದ.

“ಬೆಳಗಿನ ಜಾವ ಒಂದು ಮರಿ ಬಿತ್ತು ಕಣವ್ವ. ಬಿಸಿಲೇರಿದ್ರೂ ಎದ್ದು ನಿಲ್ಲಲಿಲ್ಲ, ಮೊಲೆಗೆ ಬಾಯಿ ಹಾಕಲಿಲ್ಲ. ಎಲ್ರಿಗೂ ಕೈಕಾಲೇ ಆಡಲಿಲ್ಲ. ಡಾಕ್ಟ್ರು ಓಡ್ಬಂದು ರಕ್ತ ತೆಗುದ್ರು. ಜೀಪಲ್ಲಿ ಬೆಂಗ್ಳೂರಿಗೆ ಕಳ್ಸಿದ್ವಿ.”

ಕೋಣೆಯ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಸಿದ್ದಲಕ್ಷ್ಮಮ್ಮ ಕೇಳಿದಳು.

“ಅದು ಸಾಧು ಮರಿ, ಸುಮ್ನೆ ಮಲಗ್ಲಿ ಅಂತ ಯಾರೂ ಅನ್ನಲಿಲ್ವಾ ಮಾವ?”

ಪುಟ್ಟರಂಗಯ್ಯ ಚೊಂಬು ಕೆಳಗಿಟ್ಟ.

“ಗಂಗರತ್ನ ಮೂರು ವರ್ಷ ಎದ್ದು ನಿಲ್ಲಲಿಲ್ಲ. ಯಾವ ಜೀಪು ಬಂದಿತ್ತು?”

“ಅವತ್ತು ಯಾರಿಗೆ ಗೊತ್ತಿತ್ತು ಬುಡೆ…”

“ಇವತ್ತು ಗೊತ್ತೈತಲ್ಲ.”

ಅವನು ತಾಯಿಯ ಮುಖ ನೋಡಿದ. ಅಜ್ಜಿ ಕೈ ಆಡಿಸಿದಳು. “ಕುದುರೆಗೂ ಮನುಷರಿಗೂ ಏನ್ಲಾ ಸಮ? ನಮ್ಮ ವಂಶದ ಕೂಸುಗಳೇ ಹಿಂಗೆ, ತಣ್ಣಗಿರ್ತವೆ. ನಿಮ್ಮಣ್ಣ ಚಿಕ್ಕಬೋರ ಇರಲಿಲ್ವಾ? ದೇವರಂಥ ಕೂಸು. ಒಂದು ದಿನಾನೂ ನನ್ನ ಕಾಡಲಿಲ್ಲ.”

ಆ ಹೆಸರನ್ನು ಸಿದ್ದಲಕ್ಷ್ಮಮ್ಮ ಅದುವರೆಗೆ ಕೇಳಿರಲಿಲ್ಲ.

“ಆಮೇಲೆ ಏನಾದ ಅಜ್ಜಿ?”

“ಆಮೇಲೇನು? ಹೊಸಲ ಪಕ್ಕ ಕೂತ್ಕಂಡೇ ಇರ್ತಿದ್ದ. ನಾನು ಹೊಲಕ್ಕೆ ಹೋಗಿ ಬಂದ್ರೂ ಅಲ್ಲೇ, ನೀರಿಗೆ ಹೋಗಿ ಬಂದ್ರೂ ಅಲ್ಲೇ. ಹತ್ತು ಹನ್ನೆರಡು ವರ್ಷದೋನು, ಎತ್ಕಂಡ್ರೆ ಕೂಸಿನ ಭಾರ. ಒಂದ್ಸಲ ಜ್ವರ ಬಂತು, ಹೋದ.” ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹೋಗುವಾಗ್ಲೂ ಅಳಲಿಲ್ಲ ನನ್ನ ಕಂದ.”

ಪುಟ್ಟರಂಗಯ್ಯನ ಕಣ್ಣು ಮಗನ ಹೊಟ್ಟೆಯ ಮೇಲೆ ನಿಂತಿತ್ತು. ಅಲ್ಲಿ ಅಜ್ಜಿ ಮೊನ್ನೆಯಷ್ಟೇ ಕಟ್ಟಿದ ಬಟ್ಟೆ ಇತ್ತು, ಬಟ್ಟೆಯೊಳಗೆ ದುಂಡಗೆ ಉಬ್ಬಿದ ಕಾಸು.

“ಅವ್ವ, ಅಣ್ಣನಿಗೂ ಕಾಸು ಕಟ್ಟಿದ್ದೆ ಅಲ್ವಾ?”

“ಕಟ್ದೆ ಇರ್ತೀನಾ? ಇದೇ ಕಾಸು ಕಣ್ಲಾ. ಅವ್ನಿಗೆ ಕಟ್ಟಿದ್ದು, ಗಂಗರತ್ನಂಗೆ ಕಟ್ಟಿದ್ದು. ಜೋಪಾನವಾಗಿ ಸಂಚೀಲಿ ಇಟ್ಕಂಡಿದ್ದೆ.”

ಪುಟ್ಟರಂಗಯ್ಯ ಎದ್ದು ಗೋಡೆಯ ಕಡೆ ತಿರುಗಿ ನಿಂತ. “ಬೆಳಿಗ್ಗೆ ಮೊದ್ಲ ಬಸ್ಸಿಗೆ ಹೋಗಾನ” ಎಂದ. “ಕೂಸಿಗೂ ಕಂಬಳಿ ಹೊದಿಸಿ ನೀನೂ ಹೊದ್ಕೊ.”

ಸಿದ್ದಲಕ್ಷ್ಮಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಗಳಿಗಾಗಿ ಮೂರು ವರ್ಷ ಬೇಡಿದರೂ ಹೊರಡದ ಬಸ್ಸು ಮಗನಿಗಾಗಿ ಒಂದೇ ಸಂಜೆಯಲ್ಲಿ ಹೊರಟಿತ್ತು.

ಖುರ್ಷಿದಾ ಬೇಗಂ ಕೂಸನ್ನು ಕಂಡೊಡನೆ ರಕ್ತ ತೆಗೆಸಿದರು. “ಬೆಂಗಳೂರಿಂದ ಉತ್ತರ ಬರೋ ತನಕ ಕಾಯಲ್ಲ, ಇವತ್ತೇ ಶುರು ಮಾಡೋಣ” ಎಂದರು. ಆಮೇಲೆ ಸಿದ್ದಲಕ್ಷ್ಮಮ್ಮನ ಭುಜ ಮುಟ್ಟಿ, “ಒಳ್ಳೆ ಕೆಲಸ ಮಾಡಿದೆ ತಾಯಿ. ಇವನು ಎಲ್ಲರ ಹಾಗೇ ಬೆಳೀತಾನೆ” ಎಂದರು. ತಾಯಿಯ ಸೆರಗು ಹಿಡಿದು ನಿಂತಿದ್ದ ಗಂಗರತ್ನ, ಡಾಕ್ಟರು ನಕ್ಕಾಗ ತಾನೂ ನಕ್ಕಳು. ಬೆಂಗಳೂರಿನ ಉತ್ತರವೂ ಅದೇ ಕಾಯಿಲೆಯೆಂದು ಬಂತು.

ಸಿದ್ದಲಕ್ಷ್ಮಮ್ಮ ಒಳಲೆಯಲ್ಲಿ ಎದೆಹಾಲು ಹಿಂಡಿ, ಮಾತ್ರೆಯ ಪುಡಿ ಕದಡಿ ದಿನಾ ಬೆಳಿಗ್ಗೆ ಕುಡಿಸಿದಳು. ಒಂದು ದಿನ ಕೂಸು ಬೀದಿಗೇ ಕೇಳುವಂತೆ ಚೀರಿ ಅತ್ತಿತು. ಸಲೀಮಾ ಎದುರು ಬಾಗಿಲಿಂದ, “ಅರೆ, ನಮ್ಮೋನ ಜೊತೆಗಾರ ಬಂದ!” ಎಂದು ಕೂಗಿದಳು. ಅಜ್ಜಿ ಕಿವಿ ಮುಚ್ಚಿಕೊಂಡು, “ನೋಡಿದ್ರಾ? ಇದನ್ನೂ ಕೆಡಿಸಿದ್ಲು” ಎಂದಳು. ಹೊಟ್ಟೆಯ ಬಟ್ಟೆ ಬಿಚ್ಚಿ, ಕಾಸನ್ನು ತೊಳೆದು ಮತ್ತೆ ಸಂಚಿಗೆ ಹಾಕಿಕೊಂಡಳು. ಸಲೀಮಾಳ ನಾದಿನಿಗೆ ಹೆರಿಗೆ ಹತ್ತಿರವಿತ್ತು, ಆ ಕೂಸಿಗೆ ಕಾಸು ಬೇಕಾದರೂ ಆದೀತು.

ಹುಡುಗನಿಗೆ ಮಹಾಲಿಂಗನೆಂದು ಹೆಸರಿಟ್ಟರು. ವರ್ಷ ತುಂಬುವ ಮೊದಲೇ ನಿಂತ, ಎರಡು ತುಂಬುವಷ್ಟರಲ್ಲಿ ಅರಳು ಹುರಿದಂತೆ ಮಾತಾಡಿದ. ಪುಟ್ಟರಂಗಯ್ಯ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಫಾರಮ್ಮಿಗೆ ಹೋಗಿ, “ಸರಿಯಾದ ಹೊತ್ತಿಗೆ ತುಮಕೂರಿಗೆ ಎತ್ಕಂಡು ಓಡ್ದೆ ನಾನು” ಎಂದು ಎಲ್ಲರಿಗೂ ಹೇಳುತ್ತಿದ್ದ. ಗಂಗರತ್ನ ಎಂದೂ ಆ ಹೆಗಲೇರಿರಲಿಲ್ಲ. “ಅವ್ಳಿಗಿನ್ನೂ ಯಾಕೆ ಮಾತ್ರೆ, ಇಷ್ಟೇ ಅಂತ ಗೊತ್ತಾಯ್ತಲ್ಲ” ಎಂದು ಅವನು ಒಮ್ಮೆ ಅಂದ. ಅಂದಿನಿಂದ ಸಿದ್ದಲಕ್ಷ್ಮಮ್ಮ ಮೊದಲ ಮಾತ್ರೆಯನ್ನು ಮಗಳಿಗೇ ಕೊಟ್ಟಳು.

ಅಂಥದ್ದೊಂದು ಬೆಳಿಗ್ಗೆ ಒಲೆ ಹಚ್ಚುವ ಮೊದಲು ಎರಡು ಚಮಚದಲ್ಲಿ ಎರಡು ಮಾತ್ರೆ ಅರೆಯುತ್ತಿದ್ದಳು. ಗಂಗರತ್ನ ಬಾಗಿಲ ಬಳಿ ಕೂತಿದ್ದಳು, ಹೊಸಲಿಗೆ ಬೆನ್ನು ಕೊಟ್ಟು. ಮಹಾಲಿಂಗ ಬೀದಿಯಿಂದ ಓಡಿಬಂದು ಅಕ್ಕನ ಜಡೆ ಎಳೆದ.

“ಏ ಪೆದ್ದಿ, ಏಳೇ! ನಮ್ಮವ್ವ ಕರೀತಾವ್ಳೆ!”

ಪುಟ್ಟರಂಗಯ್ಯ ಹಲ್ಲುಜ್ಜುತ್ತಿದ್ದವನು ಘೊಳ್ಳನೆ ನಕ್ಕ. “ಕೇಳಿದ್ಯೇನೆ? ಒಂದಕ್ಷರ ತೊದಲಲ್ಲ ನನ್ಮಗ!”

ಮಾತು ಸ್ಪಷ್ಟವಾಗಿಯೇ ಇತ್ತು. ಹಾಗೆ ಸ್ಪಷ್ಟವಾಗಿ ಬರಲೆಂದೇ ಅವಳು ಹಸೀ ಬಾಣಂತಿಯಾಗಿಯೇ ಹೊಸಲು ದಾಟಿದ್ದಳು. ಮಗನಿಗೆ ಹೊಡೆಯಲು ಎತ್ತಿದ ಕೈಯನ್ನು ಸಿದ್ದಲಕ್ಷ್ಮಮ್ಮ ಇಳಿಸಿದಳು. “ಅಕ್ಕ ಅನ್ನು” ಎಂದಳು, ಯಾರಿಗೂ ಕೇಳಿಸಲಿಲ್ಲ.

ಗಂಗರತ್ನ ಮಾತ್ರ ಎದ್ದು ಬಂದಳು. ತಮ್ಮ ತನ್ನನ್ನು ಕರೆದನೆಂದು ಅವಳ ಮುಖ ಬೆಳಗಿತ್ತು. ತಾಯಿಯ ಮುಂದೆ ಕೂತು, ಎಂದಿನಂತೆ ತಾನಾಗಿಯೇ ಬಾಯಿ ತೆರೆದಳು.