ಗಡಿಯಾರ ನುಂಗಿದ ಮಾತು

ಏಳಬೇಡಿ, ಇದೊಂದನ್ನು ಪೂರ್ತಿ ಕೇಳಿಬಿಡಿ! ಒಂದು ಹಳೇ ಕಾರು, ಅದರೊಳಗೊಂದು ರೇಡಿಯೊ, ಆ ರೇಡಿಯೊಗೆ ಹೊಕ್ಕ ಗದ್ದಲ. ಇಷ್ಟೇನಾ ಅಂದುಕೊಂಡರೆ ಕೆಟ್ಟಿರಿ.

ದೊಡ್ಡ ಮಗಳು ದೂರದ ಊರಿನ ರೇಡಿಯೊದಲ್ಲಿ ಮಾತಾಡುವ ಕೆಲಸಕ್ಕೆ ಹೊರಟು ನಿಂತಾಗ ಅಪ್ಪ ಸಿಟ್ಟಿನಲ್ಲಿ ಒಂದು ಮಾತು ಆಡಿಬಿಟ್ಟಿದ್ದ: "ಹೊಸ್ತಿಲು ದಾಟಿದ್ಯೋ, ನಿನ್ನ ದನಿ ಈ ಮನೇಲಿ ಕೇಳಿಸಬಾರದು!" ಅವಳು ದಾಟಿದಳು. ಅಪ್ಪ ಹೇಳಿ ಕೇಳಿ ಮಾತಿಗೆ ತಪ್ಪದ ಮನುಷ್ಯ. ಮನೆಯ ರೇಡಿಯೊವನ್ನು ಅಟ್ಟಕ್ಕೇರಿಸಿದ. ಆದರೆ ಅಂಗಳದಲ್ಲಿ ನಿಂತ ಕಾರು ಮನೆಯಲ್ಲವಲ್ಲ! ದಿನಾ ಸಂಜೆ "ಬ್ಯಾಟರಿ ಸಾಯಬಾರದು" ಎಂದು ಗೊಣಗುತ್ತಾ ಹೋಗಿ, ಎಂಜಿನ್ ಚಾಲೂ ಮಾಡಿ, ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದ. ಮಗಳ ಸಣ್ಣ ದನಿಯ ಮೇಲೆ ಎಂಜಿನ್ನಿನ ಗುಂಯ್ ಸವಾರಿ ಮಾಡುತ್ತಿತ್ತು.

ಕಡೆಗೊಂದು ದಿನ ತಡೆಯಲಾರದೆ ಕಿರಿ ಮಗಳನ್ನು ಕರೆದ. ಅವಳದು ಗ್ಯಾರೇಜಿನಲ್ಲಿ ಕಾರುಗಳ ವೈರಿಂಗ್ ಕೆಲಸ.

"ಈ ಗದ್ದಲ ನಿಲ್ಸಕ್ಕಾಗುತ್ತೇನಮ್ಮಾ? ಹವಾಮಾನ ವರದಿ ಕೇಳ್ಬೇಕು."

"ತಲೆ ಎತ್ತಿದ್ರೆ ಹವಾಮಾನ ಕಾಣುತ್ತಲ್ಲಪ್ಪಾ."

"ಬಾಯಿ ಸಾಕು, ಸ್ಪ್ಯಾನರ್ ಹಿಡಿ."

ಯಾವ ಹವಾಮಾನ ಅಂತ ಅವಳಿಗೆ ಗೊತ್ತಿಲ್ಲವೇ? ಎಕ್ಸಿಲರೇಟರ್ ಒತ್ತಿದಷ್ಟೂ ಏರುವ ಗುಂಯ್ ಬ್ಯಾಟರಿ ತುಂಬುವ ಡೈನಮೋದ್ದು. ಅದರ ಸವೆದ ಬ್ರಷ್ ಬದಲಿಸಿ, ಗದ್ದಲ ಹೀರಿಕೊಳ್ಳುವ ಒಂದು ಕಂಡೆನ್ಸರ್ ಕಟ್ಟಿದಳು. ಚಟಪಟ ಸದ್ದು ಕಿಡಿ ಹಾರಿಸುವ ಪ್ಲಗ್ಗುಗಳದ್ದು. ಅವುಗಳ ವೈರು ಬದಲಾಯಿತು, ಕಾಯಿಲ್‌ಗೂ ಒಂದು ಕಂಡೆನ್ಸರ್ ಬಿತ್ತು. ತುಕ್ಕು ಕೆರೆದು ಬಾನೆಟ್ಟಿನಿಂದ ಕಾರಿನ ಮೈಗೆ ಅರ್ತ್ ಪಟ್ಟಿ ಬಿಗಿದಳು. ಗದ್ದಲ ಬಾಲ ಮುದುರಿತು.

ಉಳಿದದ್ದು ಒಂದೇ. ಆಗಾಗ ಒಂದು "ಟಪ್".

ಅದು ಡ್ಯಾಶ್‌ಬೋರ್ಡಿನ ಗಡಿಯಾರ. ಒಳಗಿನ ಸ್ಪ್ರಿಂಗ್ ಸಡಿಲವಾದಾಗಲೆಲ್ಲ ಕರೆಂಟು ಒಂದು ಏಟು ಕೊಟ್ಟು ಬಿಗಿಮಾಡುತ್ತಿತ್ತು. ಆ ಏಟು ರೇಡಿಯೊದಲ್ಲಿ ಕೇಳಿಸುತ್ತಿತ್ತು.

"ಇದಕ್ಕೂ ಒಂದು ಕಂಡೆನ್ಸರ್ ಹಾಕಿದ್ರೆ..."

"ಗಡಿಯಾರ ಮುಟ್ಬೇಡ! ಅದನ್ನ ರಿಪೇರಿ ಮಾಡಿದ್ದು ನಿಮ್ಮಕ್ಕ," ಎಂದವನೇ ಅಪ್ಪ, ಬೇರೆ ಯಾರೋ ಆಡಿದ ಮಾತೆಂಬಂತೆ ಕಿಟಕಿಯಾಚೆ ನೋಡಿದ.

ಸಂಜೆ ಇಬ್ಬರೂ ಕಾರಿನಲ್ಲಿ ಕೂತರು. ಅಕ್ಕನ ದನಿ ಹಿಂದಿನ ಸೀಟಿನಿಂದಲೇ ಬಂದಷ್ಟು ಹತ್ತಿರ.

"ನೆಗಡಿ ಆಗಿದೆ ಇವಳಿಗೆ," ಎಂದ ಅಪ್ಪ. "ಸ್ನಾನ ಮಾಡಿ ತಲೆ ಸರಿಯಾಗಿ ಒರೆಸ್ಕೊಳ್ಳಲ್ಲ. ಆಗಿಂದ್ಲೂ ಅಷ್ಟೇ."

ಕಾರ್ಯಕ್ರಮ ಮುಗಿಯುತ್ತಾ ಬಂತು. "ಕೇಳುಗರೆಲ್ಲರಿಗೂ ನಮಸ್ಕಾರ," ಎಂದಳು ಅಕ್ಕ. "ದೂರದಲ್ಲಿ ಕೂತು ಕೇಳುತ್ತಿರುವ ನನ್ನ..."

ಟಪ್.

"...ವಿಶೇಷ ನಮಸ್ಕಾರ." ಸಂಗೀತ ಶುರುವಾಯಿತು.

ಅಪ್ಪ ರೇಡಿಯೊ ಸದ್ದು ತಗ್ಗಿಸಿದ. "ಯಾರಿಗಂದ್ಲು? ನಿನಗೆ ಕೇಳಿಸ್ತಾ?"

ಕಿರಿಯವಳಿಗೂ ಕೇಳಿಸಿರಲಿಲ್ಲ. ಆದರೆ ಆ ಮುಖ ನೋಡಿ ಇಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. "ಕೇಳಿಸ್ತು. ಅಪ್ಪನಿಗೆ ಅಂದ್ಲು."

"ನಂಗೇನಾ?" ಅಪ್ಪ ಅಂಗಿಯ ತೋಳಿನಿಂದ ಗಡಿಯಾರದ ಗಾಜು ಒರೆಸಿದ. ಆಮೇಲೆ ಮತ್ತೊಮ್ಮೆ ಒರೆಸಿದ. "ದಿನಾ ಹೇಳ್ತಿದ್ಳೇನೋ, ಈ ಹಾಳು ಗದ್ದಲದಲ್ಲಿ ನಂಗೆ ಗೊತ್ತಾಗ್ಲಿಲ್ಲ. ನಾಳೆ ಗಡಿಯಾರಕ್ಕೂ ಆ ಕಂಡೆನ್ಸರ್ ಹಾಕ್ಬಿಡಮ್ಮ. ನನ್ನ ಕಿವಿಯಾರೆ ಕೇಳ್ಬೇಕು."

ಅಕ್ಕನನ್ನೇ ಕೇಳೋಣವೆಂದರೆ, ಅವಳೂ ಆ ಅಪ್ಪನ ಮಗಳೇ. ಹೋದ ಮೇಲೆ ಯಾರಿಗೂ ವಿಳಾಸ ಕೊಟ್ಟವಳಲ್ಲ. 'ನನ್ನ ಗೆಳತಿಗೆ' ಅಂದಳೋ, 'ನನ್ನ ತಂಗಿಗೆ' ಅಂದಳೋ, ಯಾರಿಗೆ ಗೊತ್ತು?

ಮರುದಿನ ಸಂಜೆ ಕಿರಿಯವಳು ಗಡಿಯಾರದ ಮುಂದೆ ಬಗ್ಗಿದ್ದಾಳೆ. ಅಂಗೈಯಲ್ಲಿ ಬೆರಳ ತುದಿಯಷ್ಟು ಕಂಡೆನ್ಸರ್. ಹಾಕಿದರೆ ಪ್ರತಿ ಅಕ್ಷರವೂ ಕೇಳಿಸುತ್ತದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಆಗಲೇ ಬಂದು ಸೀಟಿನಲ್ಲಿ ಕೂತಿದ್ದಾನೆ.

"ಇನ್ನೂ ಆಗ್ಲಿಲ್ವೇನೇ? ಶುರುವಾಗೋ ಹೊತ್ತಾಯ್ತು!"

ಆ ಕಂಡೆನ್ಸರ್ ನಿಮ್ಮ ಕೈಯಲ್ಲಿದ್ದಿದ್ದರೆ, ನೀವೇನು ಮಾಡುತ್ತಿದ್ದಿರಿ?