ನಲವತ್ತೊಂದನೆಯ ನಿಮಿಷ

ಕಾದ ಧೂಳಿನ ವಾಸನೆ, ಅದೇ, ಅಪ್ಪನ ಹಳೇ ರೇಡಿಯೋದ ಹಿಂಬದಿಯದು, ತಿರುಪು ತಿರುಗಿಸಿದ ಮೇಲೂ ಒಳಗಿನ ಗಾಜಿನ ಬುರುಡೆಗಳು ಕೆಂಪಾಗುವ ತನಕ ಸದ್ದಿಲ್ಲ, ಮೊದಲು ಬರುತ್ತಿದ್ದದ್ದು ವಾಸನೆಯೇ, ಆಮೇಲೆ ಯಾರೋ ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಮಾತು — ಏಳು ವರ್ಷದ ಅವಳು ರೇಡಿಯೋದ ಬೆನ್ನಿಗೆ ಮೂಗು ಹಚ್ಚಿ ಕೂತು, ಒಳಗಿರುವವರಿಗೆ ಸೆಖೆಯಾಗುವುದಿಲ್ಲವೇ ಎಂದು ಚಿಂತಿಸುತ್ತಿದ್ದಳು — ಈಗ ಎಪ್ಪತ್ತೊಂದರ ವಯಸ್ಸಿನಲ್ಲಿ ಗೆಳತಿಯ ಕೋಣೆಯಲ್ಲಿ ಅದೇ ವಾಸನೆ, ಮೇಜಿನ ತುಂಬ ದೀಪ ಮಿಣುಕುವ ಪೆಟ್ಟಿಗೆಗಳು, ಬಿಚ್ಚಿದ ಜಡೆಯ ಹಾಗೆ ವೈರುಗಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಕಳೆದವಳಿಗೆ ವೈರೆಂದರೆ ಒಡಹುಟ್ಟು, ನಿವೃತ್ತಿಯಾದರೂ ಬಿಡಲಿಲ್ಲ, ಅಕ್ಕ ತೀರಿಕೊಂಡ ಮೇಲಂತೂ ಇವುಗಳ ಜೊತೆಗೇ ಸಂಸಾರ, ಇವುಗಳಿಂದ ತಾನೇ ಹೊರಡಿಸಿದ ಎಪ್ಪತ್ತು ನಿಮಿಷದ ಸಂಗೀತವಂತೆ, ತಾಳವಿಲ್ಲ, ಪಲ್ಲವಿಯಿಲ್ಲ, ಆಂಬಿಯೆಂಟ್ ಅಂತಾರೆ ಕಣೇ ಇದನ್ನ, ಕಿವಿಗೊಟ್ಟು ಕೇಳೋದಲ್ಲ, ಒಳಗೆ ಕೂತಿರೋದು ಅಷ್ಟೆ, ಮುಗಿದ ಮೇಲೆ ನಿಜ ಹೇಳು, ಇಟ್ಕೋಬೇಕೋ ಅಳಿಸಬೇಕೋ ನೀನು ಹೇಳಿದ ಮೇಲೇ ತೀರ್ಮಾನ, ಹಿಂದಿನ ಮೂರಕ್ಕೂ ಚೆನ್ನಾಗಿದೆ ಅಂದೆ, ನೀನು ಬಿಸಿನೀರಿಗೂ ಚೆನ್ನಾಗಿದೆ ಅನ್ನೋಳು.

ಹೆಡ್‌ಫೋನ್ ತೊಡಿಸುವಾಗ ಗೆಳತಿ ಕಿವಿಯ ಓಲೆ ಒತ್ತದಂತೆ ಬೆರಳಿನಿಂದ ಸ್ವಲ್ಪ ಓರೆ ಮಾಡಿದಳು, ಬೆನ್ನಿಗೊಂದು ದಿಂಬು, ಮೊಣಕಾಲಿಗೆ ಗಾಳಿ ತಾಗದಂತೆ ಫ್ಯಾನಿನ ಮುಖ ಆಚೆಗೆ, ಇಷ್ಟೆಲ್ಲ ಮಾಡುವವಳಿಗೆ ನಿಜ ಹೇಳುವುದು ಹೇಗೆ, ಮೂವತ್ನಾಲ್ಕು ವರ್ಷ ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಲ್ಲಿ ಹೀಗೇ ಬೇರೆಯವರಿಗೆ ತೊಡಿಸಿದ ಕೈ ತನ್ನದು, ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ, ಸದ್ದು ಕೇಳಿಸಿದ ತಕ್ಷಣ ಹೆಬ್ಬೆರಳಲ್ಲಿ ಒತ್ತಿ, ಎಷ್ಟೇ ಸಣ್ಣದಾಗಿರಲಿ, ಕೇಳಿಸದಿದ್ದರೆ ಮಾತ್ರ ಒತ್ತಬೇಡಿ — ಸದ್ದು ಯಾವಾಗ ಬರುತ್ತದೆಂದು ಪರೀಕ್ಷೆ ಮಾಡುವವರು ಮುಖದಲ್ಲೂ ತೋರಿಸಬಾರದು, ಅದೇ ಮೊದಲ ಪಾಠ — ಮೊದಲ ಹತ್ತು ನಿಮಿಷ ಚಂದವೇ, ದೂರದಲ್ಲಿ ಯಾರೋ ಗಾಜಿನ ಲೋಟದ ಅಂಚು ಸವರುತ್ತಿದ್ದ ಹಾಗೆ, ಇಪ್ಪತ್ತರ ನಂತರ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಅದನ್ನು ಹೇಳಿಬಿಡಬೇಕು, ಇಷ್ಟುದ್ದ ಬೇಡವೇ ಎಂದೂ ಹೇಳಬೇಕು, ಮೂವತ್ತರಲ್ಲಿ ಒಂದು ಸ್ವರ ಎಷ್ಟು ಮೆಲ್ಲಗೆ ಏರಿತೆಂದರೆ ಏರಿದ್ದು ತಿಳಿದದ್ದು ಏರಿ ಮುಗಿದ ಮೇಲೆ, ಆಹಾ, ಇದನ್ನೂ ಹೇಳಬೇಕು, ಗೆಳತಿ ಎದುರಿಗೆ ಕೂತು ತೊಡೆಯ ಮೇಲೆ ಕೈಯಿಟ್ಟು ತನ್ನ ಮುಖವನ್ನಲ್ಲ, ಗೋಡೆಯನ್ನು ನೋಡುತ್ತಿದ್ದಾಳೆ, ಗಡಿಯಾರದಲ್ಲಿ ಹನ್ನೆರಡೂ ಕಾಲು, ಕಿಟಕಿಯಾಚೆ ಬಿರುಬಿಸಿಲು, ಪೆಟ್ಟಿಗೆಯ ಮೇಲಿನ ಅಂಕಿ ನಲವತ್ತೊಂದು, ಆಗ — ಹ್ಹಂ — ಎಡಗಿವಿಯ ಹಿಂದೆ, ಹತ್ತಿರದಲ್ಲೇ, ಯಾರೋ ಗಂಟಲು ಸರಿಮಾಡಿಕೊಂಡರು.

ತೊಡೆಯ ಮೇಲಿದ್ದ ಹೆಬ್ಬೆರಳು ತಾನಾಗಿಯೇ ಒತ್ತಿತ್ತು, ಇಲ್ಲದ ಗುಂಡಿಯನ್ನು. ಅವಳಿಗೆ ಗೊತ್ತು ಆ ಸದ್ದು, ಈ ಮನೆಗೆ ಬಂದುಹೋದ ಎಲ್ಲರಿಗೂ ಗೊತ್ತು, ಗೆಳತಿಯ ಅಕ್ಕನದು, ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿ, ಹಾಜರಿ ಕರೆಯುವ ಮೊದಲೂ ಹ್ಹಂ, ತಂಗಿಯನ್ನು ಬೈಯುವ ಮೊದಲೂ ಹ್ಹಂ, ಕೊನೆಯ ವರ್ಷ ಕಿವಿ ಮಂದವಾಯಿತೆಂದು ಪರೀಕ್ಷೆಗೆ ಕರೆತಂದಾಗ ಯಂತ್ರದಿಂದ ಸದ್ದೇ ಬಿಡದಿದ್ದಾಗಲೂ ಅಕ್ಕ ಗುಂಡಿ ಒತ್ತುತ್ತಿದ್ದರು, ಒಂದಲ್ಲ, ಹತ್ತು ಸಲ, ಅವಳು ನಕ್ಕು, ಅಕ್ಕ, ಈಗ ಏನೂ ಇರಲಿಲ್ಲ ಅಂದಿದ್ದಳು, ನಿನಗೆ ಕೇಳಿಸಲಿಲ್ಲ ಅನ್ನು ಕಣಮ್ಮ, ಇರಲಿಲ್ಲ ಅಂತ ಯಾಕೆ ಅಂತೀಯ, ಅಂದಿದ್ದರು ಅಕ್ಕ, ವರದಿಯಲ್ಲಿ ಅವಳು ಬರೆದದ್ದು ಉತ್ತರಗಳನ್ನು ನಂಬುವಂತಿಲ್ಲ ಎಂದು, ತನ್ನ ದುಂಡು ಅಕ್ಷರದಲ್ಲಿ — ಮೈಕಿನಲ್ಲಿ ಸಿಕ್ಕಿಕೊಂಡ ಹಳೇ ಸದ್ದಿರಬಹುದು, ಹೌದು, ಅಷ್ಟೇ, ಆದರೆ ಬಂದ ಕೂಡಲೇ ಗೆಳತಿ ಹೆಮ್ಮೆಯಿಂದ ಹೇಳಿದ್ದಳಲ್ಲ, ಇದಕ್ಕೆ ಮೈಕೇ ಇಲ್ಲ ಕಣೇ, ಪೆಟ್ಟಿಗೆಯಿಂದ ವೈರು, ವೈರಿಂದ ನೇರ ಕಂಪ್ಯೂಟರ್, ಉಸಿರು ಕೂಡ ಒಳಗೆ ಹೋಗೋ ಹಾಗಿಲ್ಲ.

ಉಳಿದ ಇಪ್ಪತ್ತೊಂಬತ್ತು ನಿಮಿಷ ಅವಳು ಸಂಗೀತ ಕೇಳಲಿಲ್ಲ, ಸಂಗೀತದ ಹಿಂದೆ ಕೇಳಿದಳು. ಮುಗಿದಾಗ ಹೆಡ್‌ಫೋನ್ ತೆಗೆದು, ಕೇಳುವ ಮೊದಲೇ ಗೆಳತಿ ಕೈಗಿತ್ತ ನೀರು ಕುಡಿದು, ಫ್ರಿಜ್ಜಿನ ವಿಷಯ ಹೇಳಿದಳು, ಗೆಳತಿ ನಕ್ಕಳು, ಬರೆದುಕೊಂಡಳು, ಮಧ್ಯದ ಹದಿನೈದು ನಿಮಿಷ ಕತ್ತರಿಸು ಅಂದದ್ದಕ್ಕೆ ಅಂತೂ ಬಾಯಿ ಬಿಟ್ಯಲ್ಲ ಅಂದಳು, ಮೂವತ್ತನೆಯ ನಿಮಿಷದ ಸ್ವರಕ್ಕೆ ಕಣ್ಣು ತುಂಬಿಕೊಂಡಳು, ಮತ್ತೆ, ಅಂದಳು, ಮತ್ತೇನಿಲ್ಲ, ನಲವತ್ತೊಂದರಲ್ಲಿ, ಗೆಳತಿ ಬಿಡಲಿಲ್ಲ, ಏನಿದೆ ಅಲ್ಲಿ, ಅವಳು ಕೇಳಿದಳು, ಅದನ್ನೇ ನಿನ್ನ ಕೇಳ್ತಿರೋದು, ನಾನು ಹೇಳಬಾರದು, ನಿನ್ನಿಂದಲೇ ಕಲಿತದ್ದು — ಗೆಳತಿಯ ಮುಖ ಪರೀಕ್ಷೆಯ ಕೋಣೆಯ ಗಾಜಿನಾಚೆ ಕೂತ ರೋಗಿಯ ಮುಖದ ಹಾಗೆ, ಪಾಸೋ ಫೇಲೋ ಎಂದು ಕಾಯುವ ಮುಖ, ಅವಳು ಯೋಚಿಸಿದ್ದು ಇಷ್ಟೇ, ಕೇಳಿಸಿತೆಂದರೆ ಇವಳು ಒಬ್ಬಳೇ ಈ ಮನೆಯಲ್ಲಿ ಇಂದು ಹೇಗೆ ಮಲಗುತ್ತಾಳೆ, ಇಷ್ಟೇ, ಒಳ್ಳೆಯದನ್ನೇ ಯೋಚಿಸಿದ್ದು, ಏನೂ ಇಲ್ಲ ಅಲ್ಲಿ, ಅಂದಳು.

ಗೆಳತಿ ಪೆನ್ನಿನ ಮುಚ್ಚಳ ಹಾಕಿದಳು. ಹಾಗಾದ್ರೆ ನನ್ನ ತಲೆಯೇ, ಅಂದಳು, ಹನ್ನೆರಡು ಸಲ ಕೇಳಿದೀನಿ, ಹನ್ನೆರಡು ಸಲವೂ ಅಕ್ಕ, ನಿನಗೂ ಕೇಳಿಸಿದ್ರೆ ಇಟ್ಕೋತಿದ್ದೆ, ಹೆದರಿಕೆ ಏನಿಲ್ಲ ಕಣೇ, ಅವಳೇ ತಾನೆ, ಇಲ್ಲ ಅಂದ್ಮೇಲೆ ಊಟ ಆದ ಕೂಡಲೇ ಅಳಿಸ್ತೀನಿ, ನಾಳೆ ಡಾಕ್ಟರ ಹತ್ರ ಹೋಗ್ತೀನಿ, ನೀನು ಜೊತೆಗೆ ಬರ್ತೀಯಲ್ಲ — ಒಂದೊಂದೇ ಪೆಟ್ಟಿಗೆಯ ದೀಪ ಆರಿತು, ಫ್ಯಾನು ನಿಂತಿತು, ವಾಸನೆ ಮಾತ್ರ ನಿಲ್ಲಲಿಲ್ಲ, ಅಡುಗೆಮನೆಯಲ್ಲಿ ಸೌಟಿನ ಸದ್ದು, ಹೇಳು, ಈಗಲೇ ಹೇಳು, ಎದ್ದು ಹೋಗಿ ಹೇಳು, ಹೆದರಿಕೆ ಇವಳದಲ್ಲ, ನನ್ನದೇ, ನಂಬುವಂತಿಲ್ಲ ಎಂದು ಬರೆದ ದುಂಡು ಅಕ್ಷರ, ಇರಲಿಲ್ಲ ಅಂತ ಯಾಕೆ ಅಂತೀಯ, ಗೆಳತಿ ಬಂದಳು, ಅವಳಿಗೆ ಹಲ್ಲಿಲ್ಲದ ಬಲಗಡೆ ನೆನಪಿಟ್ಟು ಅನ್ನವನ್ನು ಮೆತ್ತಗೆ ಕಲಸಿ ತಂದಿದ್ದಾಳೆ, ತಟ್ಟೆ ಚಾಚಿದಳು, ಅವಳು ಎರಡೂ ಕೈಯಲ್ಲಿ ಹಿಡಿದಳು, ಎಲ್ಲ ದೀಪ ಆರಿದ ಕೋಣೆಯಲ್ಲಿ, ಎಡಗಿವಿಯ ಹಿಂದೆ — ಹ್ಹಂ — ಗೆಳತಿ ತಟ್ಟೆ ಬಿಡಲಿಲ್ಲ, ಕಣ್ಣು ಇಳಿದದ್ದು ತಟ್ಟೆಯ ಅಂಚಿಗೆ, ಅಲ್ಲಿ ಅವಳ ಹೆಬ್ಬೆರಳು, ಗುಂಡಿ ಒತ್ತಿದ ಹಾಗೆ, ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಒತ್ತಿದ ಹೆಬ್ಬೆರಳು.