ಮೊಟ್ಟೆಗಳ ಈಚೆ

ಇಲ್ಲಿ ಮೊಟ್ಟೆಗಳಿವೆ ಎಂದು ಹೇಳಿಬಿಡಲೇ? ಹೇಳಿದರೆ ಎಲ್ಲರೂ ಕ್ಯಾಮೆರಾ ಹಿಡಿದು ಬಗ್ಗುತ್ತಾರೆ. ಅಕ್ಕನಂತೂ ನಾಳಿನ ಗುಂಪನ್ನೂ ಇಲ್ಲಿಗೇ ಕರೆತರುತ್ತಾಳೆ. ಹಕ್ಕಿಗಳ ರಕ್ಷಣೆಗೆ ಹಣ ಕೂಡಿಸಲು ಬೇಸಿಗೆಯ ಈ ನಡಿಗೆಗಳನ್ನು ಶುರುಮಾಡಿದವಳು ಅವಳು. ದಾರಿ ತೋರಿಸುವವನು ತಮ್ಮನಾದ ಅವನು.

ಕೆರೆದಂಡೆಯ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯ ಮೊಟ್ಟೆಗಳೂ ಕಲ್ಲಿನಂತೆಯೇ ಬಿದ್ದಿದ್ದವು. ಅವನು ಕೈ ಅಡ್ಡ ಹಿಡಿದ. "ಇಲ್ಲಿಂದ ವಾಪಸ್ ಹೋಗೋಣ."

"ಹಕ್ಕಿ ತೋರಿಸ್ತೀನಿ ಅಂದಿದ್ರಲ್ಲಪ್ಪ," ಎಂದರು ದೊಡ್ಡ ದೇಣಿಗೆ ಕೊಟ್ಟಿದ್ದ ದಂತವೈದ್ಯರು.

"ತಲೆ ಮೇಲೇ ಕೂಗ್ತಿದೆಯಲ್ಲ ಸಾರ್."

"ಕೂಗಾಟ ಕೇಳೋಕೆ ಇಷ್ಟು ದೂರ ಬರಬೇಕಿತ್ತಾ? ಮನೇಲೇ ಸಿಗುತ್ತೆ." ಅವರ ಹೆಂಡತಿಯೂ ನಕ್ಕರು. ಅವನ ಕೈ ಇಳಿಯಲಿಲ್ಲ.

ಅಕ್ಕ ಪಿಸುಗುಟ್ಟಿದಳು. "ಲೋ, ಹಟ ಮಾಡಬೇಡ. ಮುಂದಿನ ದೇಣಿಗೆಗೆ ಕಲ್ಲು ಹಾಕ್ತೀಯಾ?"

"ಹಾಕ್ತೀನಿ. ನೀನೂ ವಾಪಸ್ ನಡಿ."

ಗುಂಪು ಗೊಣಗುತ್ತಾ ತಿರುಗಿತು. ವೈದ್ಯರು ಮತ್ತೆ ದೇಣಿಗೆ ಕೊಡಲಿಲ್ಲ. "ಫೋನ್ ಮಾಡಿ ತಪ್ಪಾಯ್ತು ಅಂತ ಒಂದು ಮಾತು ಹೇಳೋ, ನಿನ್ನ ಗಂಟೇನು ಹೋಗುತ್ತೆ?" ಎಂದು ಅಕ್ಕ ಬೇಸಿಗೆಯಿಡೀ ಪೀಡಿಸಿದಳು. ಮೊಟ್ಟೆಗಳ ವಿಷಯವನ್ನು ಮರಿಗಳು ಹಾರಿಹೋದ ಮೇಲೆ ಅವಳಿಗೆ ತಿಳಿಸಿದ. ತಪ್ಪಾಯ್ತು ಎಂದು ಮಾತ್ರ ಅವನು ಯಾರಿಗೂ, ಯಾವತ್ತೂ ಹೇಳಲಿಲ್ಲ.